ತಿಥಿಗೆ ಬಾರದ ತರಕಾರಿ

ಮಾವಳ್ಳಿಯ ನಮ್ಮ ಮನೆಯಲ್ಲಿ ತಿಥಿ ಅಡುಗೆಗೆ ಬಾರದ ತರಕಾರಿಗಳ ಪಟ್ಟಿ ದೊಡ್ಡದಿತ್ತು. ಟೊಮೇಟೊ ಬಾರದು. ಆಲೂಗಡ್ಡೆ ಬಾರದು. ಮೆಣಸಿನಕಾಯಿ ಹಸಿಯದೂ ಬಾರದು, ಒಣಗಿದ್ದೂ ಬಾರದು. ಖಾರಕ್ಕೆ ಕಾಳುಮೆಣಸೇ ಗತಿ. ಹುರುಳಿಕಾಯಿ, ದಪ್ಪಮೆಣಸಿನಕಾಯಿ, ಎಲೆಕೋಸು, ಹೂಕೋಸು ಆ ದಿನ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಅಪ್ಪನಿಗೆ ಪ್ರಾಣವಾಗಿದ್ದ ಸೀಮೆಬದನೆಕಾಯಿಯೂ ಆ ಪಟ್ಟಿಯಲ್ಲೇ ಇತ್ತು. ತಾತನ ತಿಥಿಯ ದಿನ ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ ಉಂಡು, ಮಾರನೆಯ ಬೆಳಿಗ್ಗೆ ಅಪ್ಪ ಹಿತ್ತಲ ಚಪ್ಪರದಿಂದ ಎಳೆಯ ಸೀಮೆಬದನೆ ಕಿತ್ತು ತಂದು ಅಮ್ಮನ ಮುಂದಿಡುತ್ತಿದ್ದರು. ಇವತ್ತು ಕೂಟು ಮಾಡು ಅಂತ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಅಪ್ಪ ಲಾಲ್‌ಬಾಗಿನ ತೋಟಗಾರಿಕೆ ಕಚೇರಿಯಲ್ಲಿ ಗುಮಾಸ್ತರು. ನಮ್ಮ ವಠಾರದಿಂದ ಲಾಲ್‌ಬಾಗಿನ ಗೇಟಿಗೆ ಕೂಗಳತೆ ದೂರ. ಅವರ ಕೆಲಸ ಕಡತ, ಬಿಲ್ಲು, ಹಾಜರಿ ಪುಸ್ತಕದ್ದೇ ಆದರೂ ಗಿಡಗಳ ಊರು, ಬಂದ ದಾರಿ ಅವರಿಗೆ ಬಾಯಿಪಾಠ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು, 1874ರಿಂದ 1908ರ ತನಕ ಅದನ್ನು ನೋಡಿಕೊಂಡವರು ಜಾನ್ ಕ್ಯಾಮರಾನ್, ಆಮೇಲೆ 1932ರವರೆಗೆ ಕ್ರುಂಬಿಗಲ್ ಎಂದು ಕತೆ ಹೇಳುವ ಹಾಗೆ ಹೇಳುತ್ತಿದ್ದರು. ಸೀಮೆಬದನೆಯನ್ನು ಬೆಂಗಳೂರಿನ ಮಣ್ಣಿಗೆ ಇಳಿಸಿದವರು ಕ್ಯಾಮರಾನ್ ಎಂಬುದು ಅವರಿಗೆ ಬಲು ಹೆಮ್ಮೆಯ ಸಂಗತಿ. ಈ ಊರಲ್ಲಿ ಅದು ಎಷ್ಟು ಚೆನ್ನಾಗಿ ಬೇರೂರಿತೆಂದರೆ ತಮಿಳರೂ ತೆಲುಗರೂ ಅದನ್ನು ಇವತ್ತಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಅದರ ಹುಟ್ಟೂರು ಮೆಕ್ಸಿಕೊ ಕಡೆಯದು ಅಂತಲೂ ಅಪ್ಪ ಹೇಳಿದ್ದರು. ಮೆಕ್ಸಿಕೊ ಅಂದರೆ ನನಗೆ ಭೂಪಟದ ಮೇಲಿನ ಒಂದು ಹೆಸರು, ಅಷ್ಟೇ.

ಅಪ್ಪ ಹೋದಮೇಲೆ ಅಮ್ಮ ಹೂಸ್ಟನ್ನಿನ ನಮ್ಮ ಮನೆಗೆ ಬಂದು ಕೆಲವು ತಿಂಗಳು ಇದ್ದಳು. ಅದು 2014. ಡಿಸೆಂಬರಿನಲ್ಲಿ ಮಕ್ಕಳಿಗೆ ಕ್ರಿಸ್‌ಮಸ್ ರಜೆ. ದಕ್ಷಿಣ ಮೆಕ್ಸಿಕೊದ ವಹಾಕಾ ಪಟ್ಟಣಕ್ಕೆ ಹೋಗಿ ಬರೋಣ ಅಂತ ನಾನೇ ಹಟ ಹಿಡಿದೆ. ಹೂಸ್ಟನ್ನಿನಿಂದ ನೇರ ವಿಮಾನವಿತ್ತು. ಅಮೆರಿಕದ ವೀಸಾ ಇರುವವರಿಗೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲವಾದ್ದರಿಂದ ಅಮ್ಮನ ಪಾಸ್‌ಪೋರ್ಟಿಗೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಪಂಚಾಂಗದಲ್ಲಿ. ಅಪ್ಪನ ತಿಥಿ ಪುಷ್ಯ ಶುದ್ಧ ಬಿದಿಗೆ, ಆ ವರ್ಷ ಡಿಸೆಂಬರ್ 23ಕ್ಕೆ ಬಂದಿತ್ತು.

"ತಿಥಿ ಹೊತ್ತಿಗೆ ಊರು ಸುತ್ತೋಕೆ ಹೋಗ್ತಾರೇನೇ?" ಅಂದಳು ಅಮ್ಮ. ತಿಥಿ ಮಾಡುವವನು ಮಾವಳ್ಳಿಯಲ್ಲಿರುವ ಅಣ್ಣ, ಪಿಂಡ ಇಡುವುದು ಅವನು, ನಾವು ಹೂಸ್ಟನ್ನಿನಲ್ಲಿದ್ದರೂ ಒಂದೇ, ಎಲ್ಲಿದ್ದರೂ ಒಂದೇ ಎಂದು ಅಣ್ಣನೇ ಫೋನಿನಲ್ಲಿ ಸಮಾಧಾನ ಹೇಳಿದ. ಅಮ್ಮ ಒಂದು ಮಾತಿನ ಮೇಲೆ ಒಪ್ಪಿದಳು: ಆ ದಿನ ತಾನಿರುವ ಕಡೆ ತಿಥಿ ಅಡುಗೆಯನ್ನೇ ಮಾಡಿ ಉಣ್ಣಬೇಕು. ಹೆಸರುಬೇಳೆ, ಉದ್ದಿನಬೇಳೆ, ತುಪ್ಪ ಡಬ್ಬಿಗೆ ತುಂಬಿಸಿಕೊಂಡಳು. "ತರಕಾರಿ ಅಲ್ಲೇ ಸಿಗತ್ತೆ ತಾನೆ?" ಅಂತ ಕೇಳಿದಳು. ಸಿಗುತ್ತದೆ ಅಂದೆ.

ವಹಾಕಾ ಇರುವುದು ಸುಮಾರು 1,550 ಮೀಟರ್ ಎತ್ತರದ ಕಣಿವೆಯಲ್ಲಿ. ನಮ್ಮ ಕಲಬುರಗಿ ಇರುವ ಅಕ್ಷಾಂಶದ ಹತ್ತಿರವೇ ಅದೂ ಇದ್ದರೂ ಹವೆ ಮಾತ್ರ ಹಳೆಯ ಬೆಂಗಳೂರಿನದು. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಹದವಾದ ಬಿಸಿಲು. ನಾವು ಇಳಿದುಕೊಂಡಿದ್ದು ಹಲತ್ಲಾಕೊ ಎಂಬ ಹಳೆಯ ಬಡಾವಣೆಯಲ್ಲಿ, ಒಂದು ಕಾಲಕ್ಕೆ ಚರ್ಮ ಹದ ಮಾಡುವವರ ಕೇರಿ. ಕಲ್ಲು ಹಾಸಿದ ಬೀದಿ, ಗಾಢ ಬಣ್ಣದ ಗೋಡೆ, ನಡುವೆ ತೆರೆದ ಅಂಗಳವಿರುವ ಮನೆ. ಹಿಂದಿನ ಭಾಗದಲ್ಲಿ ಮನೆಯೊಡತಿ ಇದ್ದರು. ಅಮ್ಮನಿಗಿಂತ ಎರಡು ಮೂರು ವರ್ಷ ಚಿಕ್ಕವರಿರಬಹುದು, ಗಂಡನನ್ನು ಕಳೆದುಕೊಂಡವರು. ಅವರಿಗೂ ಅಮ್ಮನಿಗೂ ನಡುವೆ ದುಭಾಷಿಯಾಗಿ ನಿಂತವಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ನನ್ನ ದೊಡ್ಡ ಮಗಳು.

ಸಂಜೆಯಾದರೆ ಬೀದಿಯಲ್ಲಿ ಪೊಸಾದಾ. ಹೆರಿಗೆಗೆ ಜಾಗ ಹುಡುಕುತ್ತ ಅಲೆದ ಮೇರಿ, ಜೋಸೆಫರಂತೆ ಒಂದು ಗುಂಪು ಮನೆ ಬಾಗಿಲಿಗೆ ಬಂದು ಹಾಡಿನಲ್ಲೇ ತಂಗಲು ಎಡೆ ಕೇಳುತ್ತದೆ, ಒಳಗಿನವರು ಹಾಡಿನಲ್ಲೇ ಇಲ್ಲ ಅನ್ನುತ್ತಾರೆ, ಕೊನೆಗೆ ಒಂದು ಮನೆಯ ಬಾಗಿಲು ತೆರೆಯುತ್ತದೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ಸಂಜೆ ಹೀಗೆ. ಧನುರ್ಮಾಸ ಹಿಡಿಯುವುದೂ ಡಿಸೆಂಬರ್ 16ರ ಸುಮಾರಿಗೇ. ಹಾಗಾಗಿ ಆ ಮನೆಯಲ್ಲಿ ಸೂರ್ಯ ಹುಟ್ಟುವ ಮೊದಲು ಅಮ್ಮನ ಹುಗ್ಗಿ, ಸೂರ್ಯ ಮುಳುಗಿದ ಮೇಲೆ ಅವರ ಹಾಡು. ಎರಡಕ್ಕೂ ನನ್ನ ಮಕ್ಕಳು ಹಾಜರು.

ತಿಥಿಯ ಹಿಂದಿನ ದಿನ ಅಮ್ಮನನ್ನು ಸೆಂತ್ರಾಲ್ ದೆ ಅಬಾಸ್ತೋಸ್ ಎಂಬ ದೊಡ್ಡ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ನಮ್ಮ ಕೆ.ಆರ್. ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ತರಕಾರಿ ಆರಿಸಿದ ಕೈ ಅವಳದು. ಮೊದಲ ಸಾಲಿನಲ್ಲೇ ಅವಳ ನಡಿಗೆ ನಿಧಾನವಾಯಿತು. ಗುಡ್ಡೆ ಹಾಕಿದ ಟೊಮೇಟೊ. ಗೋಣಿಚೀಲದ ಬಾಯಿ ಮಡಚಿಟ್ಟ ಒಣಮೆಣಸಿನಕಾಯಿ: ಕಪ್ಪು, ಇಟ್ಟಿಗೆ ಕೆಂಪು, ಹೊಗೆಯಲ್ಲಿ ಒಣಗಿಸಿದ ಕಂದು, ಸುಕ್ಕುಗಟ್ಟಿದ್ದು, ನುಣುಪಾದದ್ದು. ಹುರುಳಿಕಾಯಿ. ಬಗೆಬಗೆಯ ಕುಂಬಳ. ಮುಸುಕಿನ ಜೋಳ ಬಿಳಿ, ಹಳದಿ, ನೀಲಿ, ನೇರಳೆ. ಬೆಣ್ಣೆಹಣ್ಣು, ಪರಂಗಿ, ಸೀಬೆ, ಸಪೋಟ, ಸೀತಾಫಲ. ಹೂವಿನ ಸಾಲಿನಲ್ಲಿ ಸುಗಂಧರಾಜ, ಡೇರೆ, ಕ್ರಿಸ್‌ಮಸ್ಸಿಗೆಂದು ಕುಂಡದಲ್ಲಿಟ್ಟ ಕೆಂಪೆಲೆಯ ನೋಚೆಬುಯೆನಾ ಗಿಡ. ಹುರಿದ ಮಿಡತೆಯ ಬುಟ್ಟಿಗಳ ಹತ್ತಿರ ಮಾತ್ರ ಸೆರಗನ್ನು ಮೂಗಿಗೆ ಹಿಡಿದು ಬೇಗ ದಾಟಿದಳು. ಆಮೇಲೆ ಒಂದು ಮೂಲೆಯಲ್ಲಿ ನಿಂತುಬಿಟ್ಟಳು. ನೆಲದ ಮೇಲೆ ಹಾಸಿದ ಗೋಣಿಯ ಮೇಲೆ ಸೀಮೆಬದನೆ. ನಮ್ಮಲ್ಲಿ ಸಿಗುವ ತಿಳಿಹಸಿರು ಬಣ್ಣದ್ದು ಒಂದು ರಾಶಿ, ಮೈತುಂಬ ಮುಳ್ಳಿರುವ ಕಡುಹಸಿರಿನದು ಇನ್ನೊಂದು ರಾಶಿ, ಪಕ್ಕದಲ್ಲಿ ಅದೇ ಬಳ್ಳಿಯ ಎಳೆಕುಡಿ ಸೊಪ್ಪಿನ ಹಾಗೆ ಕಟ್ಟು ಕಟ್ಟಿಟ್ಟದ್ದು. ಅದರ ಬೇರುಗೆಡ್ಡೆಯನ್ನೂ ಅವರು ಬೇಯಿಸಿ ತಿನ್ನುತ್ತಾರೆ.

"ತಿಥಿಗೆ ಬಾರದ್ದೆಲ್ಲ ಇಲ್ಲೇ ಇದೆಯಲ್ಲೇ!" ಅಂದಳು ಅಮ್ಮ.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಷ್ಟೋ ವರ್ಷ ಕೇಳಿದ್ದ ಪಟ್ಟಿ, ಎದುರಿಗೆ ಮಾರುಕಟ್ಟೆಯಾಗಿ ನಿಂತಿತ್ತು. ಆಲೂಗಡ್ಡೆ ಆಂಡಿಸ್ ಬೆಟ್ಟಗಳಿಂದ ಬಂದದ್ದು, ಕೋಸುಗಳು ಯುರೋಪಿನವು. ಅವನ್ನು ಬಿಟ್ಟರೆ ಅಮ್ಮ ಮಡಿಯುಟ್ಟು ದೂರವಿಡುತ್ತಿದ್ದ ಬಹಳಷ್ಟು ಈ ಕಣಿವೆಯ ಮತ್ತು ಅದರ ಸುತ್ತಿನ ನಾಡಿನ ಬೆಳೆ. ವಹಾಕಾದಿಂದ ಸ್ವಲ್ಪ ದೂರದ ಮಿತ್ಲಾ ಬಳಿ ಗಿಲಾ ನಕಿತ್ಸ್ ಎಂಬ ಗವಿಯಿದೆ. ಅಲ್ಲಿ ಸಿಕ್ಕ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷ, ಜೋಳದ ದಿಂಡುಗಳಿಗೆ 6,000 ವರ್ಷಕ್ಕೂ ಮೇಲೆ. ಕಾಡುಹುಲ್ಲನ್ನು ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಆರಿಸಿ ತೆನೆ ಮಾಡಿದ ಜನ ಈ ನಾಡಿನವರು. ಅವರ ಬೇಸಾಯ ನಮ್ಮ ಅಡುಗೆಮನೆಗೆ ಬಂದದ್ದು ಕೊಲಂಬಸ್ ಹಡಗು ಏರಿದ 1492ರ ನಂತರ. ಮೆಣಸಿನಕಾಯಿ ಪೋರ್ಚುಗೀಸರ ಜತೆ ಹದಿನಾರನೆಯ ಶತಮಾನದಲ್ಲೇ ಬಂತು, ಸೀಮೆಬದನೆ ಕ್ಯಾಮರಾನ್ ಕಾಲಕ್ಕೆ. ಬಿಸಿಬೇಳೆಬಾತಿನ ಪುಡಿಯಿಂದ ಒಣಮೆಣಸಿನಕಾಯಿ ತೆಗೆದುಬಿಟ್ಟರೆ ಏನು ಉಳಿಯುತ್ತದೆ, ಯೋಚಿಸಿ ನೋಡಿ.

ಹಾಗಾದರೆ ತಿಥಿಗೆ ಬರುವುದು ಏನು ಸಿಕ್ಕೀತು? ಅಮ್ಮ ಎರಡನೆಯ ಸುತ್ತು ಹೊರಟಳು. ಬಾಳೆಕಾಯಿ ಸಿಕ್ಕಿತು. ವಹಾಕಾದವರು ತಮಾಲೆ ಎಂಬ ಜೋಳದ ಕಡುಬನ್ನು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವುದರಿಂದ ಎಲೆಯೂ ಕಟ್ಟುಗಟ್ಟಲೆ ಸಿಕ್ಕಿತು. ಅಕ್ಕಿ, ಕಾಳುಮೆಣಸು, ಜೀರಿಗೆ, ಶುಂಠಿ, ತೆಂಗಿನಕಾಯಿ. ಎಳ್ಳು ಬೇಕಾದಷ್ಟು, ಅಲ್ಲಿನ ಮೋಲೆ ಎಂಬ ಸಾಂಬಾರಿಗೆ ಎಳ್ಳಿಲ್ಲದೆ ಆಗದು. ಬೆಲ್ಲವೂ ಸಿಕ್ಕಿತು, ಪನೇಲಾ ಎಂಬ ಹೆಸರಿನಲ್ಲಿ, ಗಟ್ಟಿ ಅಚ್ಚುಗಳಾಗಿ. ಒಂದು ಚೂರು ಮುರಿದು ಮೂಸಿ, "ಮಂಡ್ಯದ್ದೇ ಅನ್ನು" ಅಂದಳು. ಇದರಲ್ಲಿ ಒಂದೂ ಆ ನೆಲದ ಮೂಲದ್ದಲ್ಲ. ಕಬ್ಬು, ಬಾಳೆ, ಅಕ್ಕಿ, ಎಳ್ಳು ಸ್ಪೇನಿನವರ ಕೈಯಲ್ಲಿ ದಾಟಿದವು. 1565ರಿಂದ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೊದ ಅಕಪುಲ್ಕೊ ಬಂದರಿಗೂ ನಡುವೆ ಓಡಾಡಿದ ಹಡಗುಗಳು ಏಷ್ಯಾದ ಸರಕನ್ನು ಅಲ್ಲಿಗೆ ಹೊತ್ತವು. ಮೆಕ್ಸಿಕೊದವರು ಇಂದಿಗೂ ಒಂದು ಜಾತಿಯ ಮಾವನ್ನು ಮನಿಲಾ ಎನ್ನುತ್ತಾರೆ. ಅಮ್ಮನ ಚೀಲದಲ್ಲಿದ್ದದ್ದು ಪೂರ್ತಿ ನಮ್ಮ ಕಡೆಯಿಂದ ಹೋದದ್ದು, ಅವಳು ಬಿಟ್ಟು ಬಂದದ್ದರಲ್ಲಿ ಬಹುಪಾಲು ನಮ್ಮ ಕಡೆಗೆ ಬಂದದ್ದು. ಪುಸ್ತಕದಲ್ಲಿ ಓದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅಮ್ಮ ಚೌಕಾಸಿ ಮಾಡಿ ಚೀಲಕ್ಕೆ ಹಾಕಿದ್ದನ್ನು ಕಂಡಿದ್ದರಿಂದ ಮರೆಯಲಾರೆ.

ಪಾತ್ರೆಯ ಸಮಸ್ಯೆ ಇತ್ತು. ಆ ಅಡುಗೆಮನೆಯಲ್ಲಿ ಹಂದಿಯ ಕೊಬ್ಬಿಲ್ಲದೆ ಬೀನ್ಸ್ ಕಾಳೂ ಬೇಯುತ್ತಿರಲಿಲ್ಲ. ಸಾನ್ ಮಾರ್ಕೋಸ್ ತ್ಲಪಸೋಲಾ ಎಂಬ ಹಳ್ಳಿಯ ಹೆಂಗಸರು ಮಾಡುವ ಕೆಮ್ಮಣ್ಣಿನ ಹೊಸ ಮಡಕೆಗಳನ್ನು ಕೊಂಡೆವು. ಮನೆಯೊಡತಿ ಅಂಗಳದಲ್ಲಿ ಇದ್ದಿಲೊಲೆ ಹಾಕಿಕೊಟ್ಟರು. ವಡೆಗೆ ಉದ್ದು ಅರೆಯುವುದೆಲ್ಲಿ? ಮಗಳು ಸಂಕೋಚದಲ್ಲೇ ವಿಷಯ ವಿವರಿಸಿದಳು: ಅಜ್ಜನ ತಿಥಿ, ಮಾಂಸ ತಗುಲಿದ ಕಲ್ಲು ಆಗುವುದಿಲ್ಲ. ಆ ಹೆಂಗಸು ಒಂದು ಮಾತೂ ಮರುಪ್ರಶ್ನೆ ಮಾಡದೆ ಒಳಗೆ ಹೋಗಿ, ಕಪ್ಪು ಕಲ್ಲಿನ ಮೂರು ಕಾಲಿನ ಮೆತಾತೆಯನ್ನು ಹೊತ್ತು ತಂದರು. ಅದು ಅವರ ತಾಯಿಯದಂತೆ, ಬರೀ ಚಾಕೊಲೇಟ್ ಅರೆಯುವುದಕ್ಕೇ ಮೀಸಲು, ಮೆಣಸಿನಕಾಯಿಯನ್ನೂ ಅದಕ್ಕೆ ಮುಟ್ಟಿಸುವುದಿಲ್ಲವಂತೆ. ಒಳಕಲ್ಲಿನ ಮುಂದೆ ಕೂತು ಗುಂಡು ತಿರುಗಿಸಿ ರೂಢಿಯಿದ್ದ ಅಮ್ಮನಿಗೆ ಮಂಡಿಯೂರಿ ಹಿಂದಕ್ಕೂ ಮುಂದಕ್ಕೂ ಉಜ್ಜುವ ಆ ಕಲ್ಲು ಮೊದಲು ಒಗ್ಗಲಿಲ್ಲ. ಮನೆಯೊಡತಿ ಹಿಂದೆ ನಿಂತು ಅಮ್ಮನ ಮುಂಗೈ ಹಿಡಿದು ಎರಡು ಸಲ ನೂಕಿ ತೋರಿಸಿದರು. ಬಲವೆಲ್ಲ ಭುಜದಿಂದ ಬರಬೇಕು. ಮಡಿಯಲ್ಲಿದ್ದ ಅಮ್ಮ ಮುಟ್ಟಬೇಡಿ ಅನ್ನಲಿಲ್ಲ. ಹಿಟ್ಟು ಒಳಕಲ್ಲಿನಷ್ಟು ಉಬ್ಬಲಿಲ್ಲವಾದರೂ ವಡೆ ಗರಿಯಾಗಿಯೇ ಬಂತು. ಸಣ್ಣಗೆ ಚಾಕೊಲೇಟಿನ ಪರಿಮಳವೂ ಇತ್ತು ಅಂತ ಮಕ್ಕಳು ಇವತ್ತಿಗೂ ಹೇಳುತ್ತಾರೆ.

ನಮ್ಮ ಗಡಿಯಾರಕ್ಕಿಂತ ಹನ್ನೊಂದೂವರೆ ಗಂಟೆ ಮುಂದಿದ್ದ ಮಾವಳ್ಳಿಯಲ್ಲಿ ಅಷ್ಟು ಹೊತ್ತಿಗೆ ಅಣ್ಣ ಎಲ್ಲ ಮುಗಿಸಿ ಫೋನ್ ಮಾಡಿದ್ದ. ಅಮ್ಮ ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಹೆಸರುಬೇಳೆ ಪಾಯಸ, ಎಳ್ಳುಂಡೆ, ವಡೆ ಒಂದೆಲೆಗೆ ಬಡಿಸಿ ತಾರಸಿಯ ಮೇಲಿಟ್ಟಳು. ಕಾಗೆಗೆ. ಆ ಊರಿನಲ್ಲಿ ನನ್ನ ಕಣ್ಣಿಗೆ ಒಂದು ಕಾಗೆಯೂ ಬಿದ್ದಿರಲಿಲ್ಲ. ಬಂದದ್ದು ಸನಾತೆ ಎಂಬ ಹಕ್ಕಿ: ಮೈಯೆಲ್ಲ ಮಿರುಗುವ ಕಪ್ಪು, ಉದ್ದ ಬಾಲ, ಹಳದಿ ಕಣ್ಣು. ಮೊದಲು ವಡೆ ಎತ್ತಿಕೊಂಡಿತು. ಅಮ್ಮ ಕೈಮುಗಿದು, "ಇನ್ನು ನೀವು ಎಲೆ ಹಾಕ್ಕೊಳಿ" ಅಂದಳು.

ಊಟ ಮುಗಿದ ಮೇಲೆ ಮನೆಯೊಡತಿ ಕೇಳಿದ ಪ್ರಶ್ನೆ ಅಮ್ಮನನ್ನು ಕಲಕಿತು. ನವೆಂಬರಿನಲ್ಲಿ ಸತ್ತವರ ದಿನ ಬಂದಾಗ ಅವರು ಮನೆಯಲ್ಲಿ ಚೆಂಡುಹೂವಿನ ಪೀಠ ಕಟ್ಟಿ, ಹೋದವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ ಇಡುತ್ತಾರೆ. "ನಿಮ್ಮವರಿಗೆ ಇದರಲ್ಲಿ ಯಾವುದು ಇಷ್ಟವಿತ್ತು?" ಅಂತ ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟವಿದ್ದದ್ದು ಈ ದಿನ ಮಾಡುವ ಹಾಗಿಲ್ಲ ಅಂದಳು. ಸೀಮೆಬದನೆ ಎಂದು ತಿಳಿದಾಗ ಅವರು ನಂಬಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆಯುದ್ದಕ್ಕೂ ಅದರದೇ ಬಳ್ಳಿ. ಒಂದು ಕಾಯಿ ಮುಂದೆ ಹಿಡಿದು ಈಗಲೇ ಮಾಡಿ ಅಂದರು. ಅಮ್ಮ ಒಪ್ಪಲಿಲ್ಲ. ನಿಯಮ ನಿಯಮವೇ. "ನಾಳೆ ಮಾಡ್ತೀನಿ ಅಂತ ಹೇಳು. ಅವರೂ ಮಾರನೇ ದಿನಾನೇ ತಿಂತಿದ್ರು" ಅಂದಳು ಮೊಮ್ಮಗಳಿಗೆ.

ಅದೇ 23ರ ಸಂಜೆ ವಹಾಕಾದಲ್ಲಿ ನೋಚೆ ದೆ ರಾಬನೋಸ್, ಮೂಲಂಗಿಯ ರಾತ್ರಿ. ಕ್ರಿಸ್‌ಮಸ್ ಸಂತೆಗೆ ಬಂದ ರೈತರು ಗಿರಾಕಿಗಳನ್ನು ಸೆಳೆಯಲು ಮೂಲಂಗಿಯಲ್ಲಿ ಬೊಂಬೆ ಕೆತ್ತಿಡುತ್ತಿದ್ದದ್ದು 1897ರಲ್ಲಿ ಪಟ್ಟಣದ ಅಧಿಕೃತ ಸ್ಪರ್ಧೆಯಾಯಿತು. ಇದಕ್ಕೆಂದೇ ಬೇರೆಯಾಗಿ ಬೆಳೆಸಿ, ನೆಲದಲ್ಲೇ ಬಹಳ ಕಾಲ ಬಿಟ್ಟ ಮೂಲಂಗಿ ಮೊಳಕೈಯುದ್ದವಾಗಿ ಅಡ್ಡಾದಿಡ್ಡಿ ಕವಲೊಡೆದಿರುತ್ತದೆ. ಆ ಕವಲೇ ಒಂದು ಕೈ, ಒಂದು ಕಾಲು, ಒಂದು ರೆಕ್ಕೆ. ಕೆಂಪು ಸಿಪ್ಪೆ ಹೆರೆದಲ್ಲಿ ಬಿಳಿ ಮುಖ ಮೂಡುತ್ತದೆ. ಊರಿನ ನಡುವಿನ ಚೌಕದ ಸುತ್ತ ಮೇಜುಗಳು, ಬಾಲಯೇಸು, ಮೂವರು ಅರಸರು, ಮೆರವಣಿಗೆ, ಸಂತೆ, ಎಲ್ಲ ಮೂಲಂಗಿಯವೇ. ಬಾಡದಿರಲೆಂದು ನೀರು ಚಿಮುಕಿಸುತ್ತ ಕೂತ ರೈತ ಕುಟುಂಬಗಳು. ನಾವು ಜನಜಂಗುಳಿಯಲ್ಲಿ ಸರತಿ ಹಿಡಿದು ನಿಂತೆವು. ಅಮ್ಮನಿಗೆ ಕಾಲು ನೋವು, ಆದರೂ ಒಂದು ಮೇಜನ್ನೂ ಬಿಡದೆ ನೋಡಿದಳು. ಜನವರಿಗೊಮ್ಮೆ, ಆಗಸ್ಟಿಗೊಮ್ಮೆ ಅಪ್ಪ ನಮ್ಮನ್ನು ಗಾಜಿನಮನೆಗೆ ಕರೆದೊಯ್ದು ಫಲಪುಷ್ಪ ಪ್ರದರ್ಶನದಲ್ಲಿ ತರಕಾರಿ ಕೆತ್ತನೆಯ ಮುಂದೆ ಅರ್ಧ ಗಂಟೆ ನಿಲ್ಲಿಸಿಬಿಡುತ್ತಿದ್ದರು. "ಅವರು ಇದ್ದಿದ್ರೆ ಇಲ್ಲಿಂದ ಕದಲ್ತಾನೇ ಇರಲಿಲ್ಲ" ಅಂದಳು. ಮೂಲಂಗಿಯೂ ತಿಥಿಗೆ ಬಾರದು.

24ರಂದು ಕೂಟು. ಕಾಯಿಯ ತುದಿ ಕೊಯ್ದು ಉಜ್ಜಿ, ಕೈಗೆ ಅಂಟುವ ಹಾಲು ತೆಗೆದು, ಹೋಳು ಮಾಡಿ, ಬೇಳೆಯ ಜತೆ ಬೇಯಿಸಿ, ತೆಂಗಿನಕಾಯಿ, ಜೀರಿಗೆ, ಮೆಣಸಿನಕಾಯಿ ಅರೆದು ಹಾಕಿದಳು. ಹೆರೆದ ಸಿಪ್ಪೆಯನ್ನು ಎಸೆಯಲು ಮನೆಯೊಡತಿ ಕೈ ಚಾಚಿದಾಗ ತಡೆದು ಚಟ್ನಿ ಮಾಡಿದಳು. ಸಾವಿರಾರು ವರ್ಷ ಆ ಕಾಯಿ ಬೆಳೆದ ನಾಡಿನ ಹೆಂಗಸು ಸಿಪ್ಪೆ ಚಟ್ನಿಯನ್ನು ಮೊದಲ ಸಲ ತಿಂದು, ಮತ್ತೆ ಹಾಕಿಸಿಕೊಂಡರು. ರಾತ್ರಿ ಅವರ ಕುಟುಂಬದ ಮೇಜಿನಲ್ಲಿ ನಮಗೂ ಜಾಗ. ಉಪ್ಪುಮೀನಿನ ಖಾದ್ಯದ ಪಕ್ಕದಲ್ಲಿ ಅಮ್ಮನ ಕೂಟು, ಬೀಟ್‌ರೂಟು, ಕಿತ್ತಳೆ, ಕಡಲೆಕಾಯಿಯ ಹಬ್ಬದ ಕೋಸಂಬರಿ, ಬಿಸಿ ಹಣ್ಣಿನ ಪಾನಕ. ಮಧ್ಯರಾತ್ರಿ ಬಾಲಯೇಸುವಿನ ಬೊಂಬೆಯನ್ನು ಬಟ್ಟೆಯಲ್ಲಿ ತೂಗಿ ಗೋದಲಿಗೆ ಇಳಿಸುವಾಗ ಬಟ್ಟೆಯ ಒಂದು ತುದಿಯನ್ನು ಅಮ್ಮನ ಕೈಗೆ ಕೊಟ್ಟರು.

ಆಮೇಲಿನ ವರ್ಷಗಳಲ್ಲಿ ಈ ಪಟ್ಟಿಯ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಚರಿತ್ರಕಾರ ಕೆ.ಟಿ. ಅಚ್ಚಯ್ಯನವರು 1994ರಲ್ಲಿ ತಂದ ದೊಡ್ಡ ಗ್ರಂಥದಲ್ಲಿ ಹೊಸ ಜಗತ್ತಿನ ಬೆಳೆಗಳು ನಮ್ಮಲ್ಲಿಗೆ ಬಂದ ಬಗೆಯನ್ನು ಬಿಡಿಸಿ ಹೇಳಿದ್ದಾರೆ. ಸೋಮನಾಥಪುರದ ಹದಿಮೂರನೆಯ ಶತಮಾನದ ಕೇಶವ ದೇಗುಲದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಕೊಲಂಬಸನಿಗಿಂತ ಮೊದಲೇ ಅದು ಇಲ್ಲಿತ್ತು ಎಂದು 1989ರಲ್ಲಿ ಅಮೆರಿಕದ ವಿದ್ವಾಂಸರು ವಾದಿಸಿದರು. ಭಾರತದ ಜೋಳ ತಜ್ಞರು ಅದನ್ನು ಅಲ್ಲಗಳೆದರು. ನನಗೂ ಆ ವಾದ ಒಪ್ಪಿಗೆಯಿಲ್ಲ. ಶಿಲ್ಪಿಯ ಉಳಿಗಿಂತ ತಿಥಿ ಮಾಡುವ ಹೆಂಗಸರ ಪಟ್ಟಿ ನನಗೆ ಹೆಚ್ಚು ನಂಬಿಕೆಯ ಸಾಕ್ಷಿ. ಅದು ಪೂರ್ತಿ ಅಚ್ಚುಕಟ್ಟಾದ ಸಾಕ್ಷಿಯೇನಲ್ಲ, ನಿಜ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯನ್ನು ಹಳೆಯ ಶಾಸ್ತ್ರಗಳೇ ಬೇರೆ ಕಾರಣಕ್ಕೆ ದೂರವಿಟ್ಟಿವೆ. ಅಮೆರಿಕ ಮೂಲದ ಗೆಣಸು ಕೆಲವು ಮನೆಗಳಲ್ಲಿ ಹೇಗೋ ಒಳಗೆ ಬಂದಿದೆ. ಮನೆಯಿಂದ ಮನೆಗೆ, ಮತದಿಂದ ಮತಕ್ಕೆ ವ್ಯತ್ಯಾಸವಿದೆ. ಆದರೂ ಒಟ್ಟು ನೋಡಿದರೆ, ಐನೂರು ವರ್ಷದ ಹಿಂದಿನ ಕನ್ನಡ ಅಡುಗೆಮನೆಯಲ್ಲಿ ಏನಿತ್ತು ಎಂಬುದನ್ನು ವರ್ಷಕ್ಕೊಮ್ಮೆ ಒಲೆಯ ಮೇಲಿಟ್ಟು ನೆನಪಿಸಿಕೊಂಡು ಬಂದವರು ನಮ್ಮ ಅಜ್ಜಿಯರು. ಉಳಿದ ದಿನಗಳಲ್ಲಿ ಅದೇ ಅಜ್ಜಿಯರು ಹೊಸತನ್ನೆಲ್ಲ ಕರೆದು ಒಳಗೆ ಕೂರಿಸಿಕೊಂಡರು. ದೇವರಿಗೆ ಚೆಂಡುಹೂವು, ಸುಗಂಧರಾಜದ ಹಾರ ಹಾಕಿದರು. ಲಾಲ್‌ಬಾಗಿನ ಕೆರೆಯ ಕಡೆ ಹೋದರೆ ಹಲಗೆ ಬೇರು ಚಾಚಿ ನಿಂತ ಬಿಳಿ ಬೂರುಗದ ಹೆಮ್ಮರವಿದೆಯಲ್ಲ, ಅದೂ ಆ ಕಡೆಯ ಮರವೇ. ಮೆಕ್ಸಿಕೊದ ಮಾಯಾ ಜನ ಅದನ್ನು ಪೂಜಿಸುತ್ತಾರೆ. ಯಾವುದು ನಮ್ಮದು, ಯಾವುದು ಪರಕೀಯ ಎಂದು ಜಗಳಕ್ಕೆ ನಿಲ್ಲುವವರು ಒಮ್ಮೆ ಅದರ ಬುಡದಲ್ಲಿ ನಿಂತು ಬರಬೇಕು.

ಈಗ ನಮ್ಮ ವಠಾರವಿಲ್ಲ, ಹಿತ್ತಲ ಚಪ್ಪರವೂ ಇಲ್ಲ. ಅಮ್ಮ ಅಣ್ಣನ ಜತೆ ಮಾವಳ್ಳಿಯಲ್ಲೇ ಇದ್ದಾಳೆ, ನಿಂತು ಅಡುಗೆ ಮಾಡುವ ಶಕ್ತಿ ಉಳಿದಿಲ್ಲ. ಅಪ್ಪನ ತಿಥಿ ಮಠದಲ್ಲಿ ನಡೆಯುತ್ತದೆ. ಅಲ್ಲಿ ಶ್ರದ್ಧೆಯಿಂದಲೇ ಮಾಡುತ್ತಾರೆ, ಆದರೆ ಎಲ್ಲರಿಗೂ ಒಂದೇ ಅಡುಗೆ, ನಮ್ಮ ಮನೆಯ ಪಟ್ಟಿಯಲ್ಲ. ಕಳೆದ ಸಲ ಊರಿಗೆ ಹೋದಾಗ ಅಮ್ಮನ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡೆ: ಬರುವುದು, ಬಾರದ್ದು. ಅತ್ತೆಯ ಮನೆಯದೂ ಅವಳಿಗೆ ನೆನಪಿತ್ತು, ತವರಿನದೂ ನೆನಪಿತ್ತು. ಎರಡೂ ಒಂದೇ ಅಲ್ಲ. ನಿಮ್ಮ ಮನೆಯಲ್ಲೂ ತಿಥಿ ಅಡುಗೆ ಬಲ್ಲ ಹಿರಿಯರು ಇದ್ದರೆ ದಯವಿಟ್ಟು ಈ ವಾರವೇ ಕೂತು ಬರೆದುಕೊಳ್ಳಿ. ಬಾರದವುಗಳ ಸಾಲನ್ನು ಮಾತ್ರ ಬಿಡಬೇಡಿ.